ಕಲಬುರಗಿಯಿಂದ ಎರಡು ದಿನದ ತಿರುಗಾಟ: ಒಂದು ವಾರಕ್ಕೆ ಒಂದೇ ದಿಕ್ಕು

ಎರಡು ದಿನ ರಜೆ ಸಿಕ್ಕರೆ ಕಲಬುರಗಿಯ ಮನೆಗಳಲ್ಲಿ ಮೊದಲು ಬರುವ ಹೆಸರು ಹೈದರಾಬಾದ್. ಇಲ್ಲವೇ ತುಳಜಾಪುರ, ಪಂಢರಪುರ. ಕೈಯಲ್ಲಿ ದುಡ್ಡು ಜಾಸ್ತಿ ಇದ್ದರೆ ಗೋವಾ. ಹೋಗಿ ಬನ್ನಿ, ಅದರಲ್ಲೇನೂ ತಪ್ಪಿಲ್ಲ. ಆದರೆ ನಮ್ಮೂರಿನ ಸುತ್ತ 120 ಕಿ.ಮೀ. ಒಳಗೆ ಏನೇನಿದೆ ನೋಡಿ. ಅಶೋಕನ ಶಾಸನ ಸಿಕ್ಕ ಸನ್ನತಿ ಇದೆ. ರಾಷ್ಟ್ರಕೂಟರ ಮಾನ್ಯಖೇಟ ಇದೆ. ಬಸವಣ್ಣನವರ ಕಲ್ಯಾಣ ಇದೆ. ಬಹಮನಿ ಸುಲ್ತಾನರ ಬೀದರ್ ಇದೆ. ಜೊತೆಗೆ ಎರಡು ನದಿಗಳ ಸಂಗಮ, ಒಂದು ಕಾಡು, ಬೆಟ್ಟದ ಮೇಲಿನ ಕೋಟೆಗಳು. ಇಷ್ಟನ್ನು ಪಕ್ಕದಲ್ಲಿ ಇಟ್ಟುಕೊಂಡು ಶಾಲೆಯ ಪ್ರವಾಸದಲ್ಲಿ ಒಮ್ಮೆ ನೋಡಿದ್ದಷ್ಟೇ ಎನ್ನುವವರು ನಮ್ಮಲ್ಲಿ ತುಂಬಾ ಜನ.

ಈ ಜಾಗಗಳನ್ನು ಚೆನ್ನಾಗಿ ನೋಡಲು ನನ್ನ ಸಲಹೆ ಒಂದೇ. ಒಂದು ವಾರಕ್ಕೆ ಒಂದು ದಿಕ್ಕು ಹಿಡಿಯಿರಿ. ಹೋಗುವ ದಾರಿಯಲ್ಲಿ ಬರುವುದನ್ನು ಮಾತ್ರ ನೋಡಿ. ಶನಿವಾರ ಗಾಣಗಾಪುರ, ಭಾನುವಾರ ಬೀದರ್ ಅಂತ ಕಟ್ಟಿಕೊಂಡರೆ ಎರಡೂ ದಿನ ಗಾಡಿಯಲ್ಲೇ ಕಳೆಯುತ್ತದೆ. ಎಲ್ಲೂ ಒಂದು ತಾಸು ನೆಮ್ಮದಿಯಿಂದ ಕೂರಲು ಆಗುವುದಿಲ್ಲ.

ಹೆಜ್ಜೆ 1: ಮೊದಲು ಬಿಸಿಲು ನೋಡಿ, ಆಮೇಲೆ ಊರು ಆರಿಸಿ

ನಮ್ಮ ಬಿಸಿಲು ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಆಗ ಕೋಟೆ ಹತ್ತುವ ಯೋಚನೆ ಬೇಡ. ಆ ಎರಡು ತಿಂಗಳಲ್ಲಿ ಹೋಗಲೇಬೇಕೆಂದರೆ ಬೆಳಿಗ್ಗೆ 10ರ ಒಳಗೆ ಮುಗಿಯುವ ದೇವಸ್ಥಾನ, ದರ್ಗಾ, ಗುರುದ್ವಾರ ಇಟ್ಟುಕೊಳ್ಳಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಎಲ್ಲಾ ದಿಕ್ಕಿಗೂ ಒಳ್ಳೆಯ ಕಾಲ. ಅದರಲ್ಲೂ ನವೆಂಬರ್ ನನಗೆ ಇಷ್ಟ. ರಸ್ತೆಯ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿರುತ್ತದೆ. ಕೆರೆಗಳಲ್ಲಿ ಇನ್ನೂ ನೀರಿರುತ್ತದೆ. ಮಧ್ಯಾಹ್ನವೂ ಓಡಾಡಬಹುದು.

ಮಳೆಗಾಲ ಚಿಂಚೋಳಿಗೆ ಸರಿ. ಆದರೆ ಎರೆ ಹೊಲದ ಹಾದಿಗೆ ಇಳಿಯಬೇಡಿ. ಒಂದು ಮಳೆ ಬಿದ್ದರೆ ಸಾಕು, ಕಾರಿನ ಗಾಲಿ, ಕಾಲಿನ ಚಪ್ಪಲಿ ಎರಡನ್ನೂ ಎರೆಮಣ್ಣು ಹಿಡಿದುಕೊಳ್ಳುತ್ತದೆ. ಡಾಂಬರು ರಸ್ತೆ ಮುಗಿಯುವ ಕಡೆ ಗಾಡಿ ನಿಲ್ಲಿಸಿ, ಊರವರನ್ನು ಕೇಳಿ ಮುಂದೆ ಹೋಗಿ.

ಭೀಮಾ ದಂಡೆಗೆ ಹೋಗುವವರು ಇನ್ನೊಂದು ವಿಷಯ ಗಮನಿಸಬೇಕು. ಇಲ್ಲಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗೆ ಹೊರಡುವ ಮುಂಚಿನ ದಿನದ ಪೇಪರ್ ನೋಡಿ. ಭೀಮಾ ತೀರಕ್ಕೆ ಎಚ್ಚರಿಕೆ ಕೊಟ್ಟಿದ್ದರೆ ಆ ವಾರ ಬೇರೆ ದಿಕ್ಕು ಹಿಡಿಯಿರಿ.

ಹೆಜ್ಜೆ 2: ಮೊದಲ ಭಾನುವಾರ ಊರಲ್ಲೇ

ಹೊರಗೆ ಹೋಗುವ ಮುಂಚೆ ಅರ್ಧ ದಿನ ಕಲಬುರಗಿಯನ್ನೇ ನೋಡಿ. ಇದಕ್ಕೆ ಕಾರಣವಿದೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ಕಲಬುರಗಿ ಅದರ ರಾಜಧಾನಿಯಾಯಿತು. ಬೀದರ್ ಆಮೇಲಿನದು. ಇಲ್ಲಿಯದನ್ನು ನೋಡಿಕೊಂಡು ಹೋದರೆ ಅಲ್ಲಿ ಏನು ಬದಲಾಗಿದೆ ಅಂತ ಕಣ್ಣಿಗೇ ತಿಳಿಯುತ್ತದೆ.

ಬೆಳಿಗ್ಗೆ 8ಕ್ಕೆ ಕೋಟೆಗೆ ಹೋಗಿ. 1367ರ ಜಾಮಿ ಮಸೀದಿಯ ಒಳಗೆ ನಿಂತು ಮೇಲೆ ನೋಡಿ. ಸಾಮಾನ್ಯವಾಗಿ ಮಸೀದಿಗೆ ಬಯಲಾದ ಅಂಗಳ ಇರುತ್ತದೆ. ಇಲ್ಲಿ ಅದಿಲ್ಲ. ಪೂರ್ತಿ ಜಾಗಕ್ಕೆ ಗುಮ್ಮಟಗಳ ಮಾಡು. ಸಾಲು ಸಾಲು ಕಮಾನುಗಳ ನಡುವೆ ನಡೆದರೆ ಹೊರಗಿನ ಬಿಸಿಲೇ ಮರೆತು ಹೋಗುತ್ತದೆ. ಅಲ್ಲಿಂದ ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್, ಖ್ವಾಜಾ ಬಂದೇನವಾಜ್ ದರ್ಗಾ, ಕೊನೆಗೆ ಶರಣಬಸವೇಶ್ವರ ಗುಡಿ. ಊಟಕ್ಕೆ ಮನೆ ಸೇರಬಹುದು. ಮಕ್ಕಳು, ವಯಸ್ಸಾದವರು ಎಷ್ಟು ನಡೆಯುತ್ತಾರೆ, ಎಲ್ಲಿ ದಣಿಯುತ್ತಾರೆ ಎನ್ನುವುದೂ ಅಂದೇ ಗೊತ್ತಾಗುತ್ತದೆ. ಮುಂದಿನ ವಾರದ ಲೆಕ್ಕ ಅದರ ಮೇಲೆ ಹಾಕಿ.

ಹೆಜ್ಜೆ 3: ಗಾಡಿ, ಬಸ್ಸು, ರೈಲು

ಬೀದರ್‌ಗೆ, ಯಾದಗಿರಿಗೆ ಸ್ವಂತ ಗಾಡಿ ಬೇಕೇ ಬೇಕು ಅಂತಿಲ್ಲ. ಕಲಬುರಗಿ–ಬೀದರ್ ರೈಲು ಮಾರ್ಗ 2017ರಲ್ಲಿ ಶುರುವಾಯಿತು. ಕಮಲಾಪುರ, ಹುಮನಾಬಾದ್ ಮೇಲೆ ಹಾದು ಹೋಗುತ್ತದೆ. ರೈಲುಗಳ ಸಂಖ್ಯೆ ಕಡಿಮೆ, ಹೀಗಾಗಿ ಹೋಗುವ ವೇಳೆಯ ಜೊತೆಗೆ ಬರುವ ವೇಳೆಯನ್ನೂ ಮೊದಲೇ ನೋಡಿಕೊಳ್ಳಿ. ಯಾದಗಿರಿ ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲೇ ಇದೆ. ವಾಡಿ ದಾಟಿ ಸುಮಾರು ಒಂದೂವರೆ ತಾಸಿನ ದಾರಿ, ರೈಲುಗಳೂ ಹೆಚ್ಚು.

ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಎಲ್ಲಾ ತಾಲೂಕಿಗೂ ಓಡುತ್ತವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ಚೀಲದಲ್ಲಿರಲಿ. ಅಮ್ಮ, ಅತ್ತೆ, ಚಿಕ್ಕಮ್ಮ, ಅಕ್ಕ-ತಂಗಿಯರು ಸೇರಿ ಹೊರಡುವ ತಿರುಗಾಟ ಇದರಿಂದ ಎಷ್ಟು ಸಲೀಸಾಗಿದೆ ಎನ್ನುವುದು ಗಾಣಗಾಪುರದ ಬಸ್ಸು ಹತ್ತಿದರೆ ಕಾಣುತ್ತದೆ. ನಮ್ಮ ಭಾಗದ ಹೆಣ್ಣುಮಕ್ಕಳು ದೇವರ ನೆಪದಲ್ಲಾದರೂ ಮನೆಯಿಂದ ಹೊರಬಂದು ಎರಡು ದಿನ ತಮ್ಮ ಪಾಡಿಗೆ ತಿರುಗಾಡುವುದು ನೋಡಿದರೆ ನನಗೆ ನಿಜಕ್ಕೂ ಸಂತೋಷ.

ಸನ್ನತಿ, ಚಿಂಚೋಳಿ ಕಾಡು, ಜಲಸಂಗ್ವಿ — ಈ ಮೂರಕ್ಕೆ ಗಾಡಿ ಇದ್ದರೆ ಒಳ್ಳೆಯದು. ನಾಲ್ಕೈದು ಜನ ಸೇರಿ ಬಾಡಿಗೆ ಕಾರು ಮಾಡಿದರೆ ತಲೆಗೆ ಬೀಳುವ ಖರ್ಚು ಜಾಸ್ತಿ ಆಗುವುದಿಲ್ಲ.

ಹೆಜ್ಜೆ 4: ಬುತ್ತಿ

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಈರುಳ್ಳಿ. ಎರಡು ದಿನಕ್ಕೂ ಕೆಡುವುದಿಲ್ಲ ಅಂದರೆ ರೊಟ್ಟಿ, ಹಿಂಡಿ ಮಾತ್ರ. ಮೊಸರು ಅಂದಂದೇ ಕೊಳ್ಳಿ. ಮಲಖೇಡ, ಸನ್ನತಿಯಂಥ ಕಡೆ ಒಳ್ಳೆಯ ಊಟದ ಹೋಟೆಲ್ ಹುಡುಕುತ್ತಾ ಹೊತ್ತು ಕಳೆಯಬಾರದು. ಒಬ್ಬರಿಗೆ ಎರಡು ಲೀಟರ್ ನೀರು ಇರಲಿ. ಟೋಪಿ ಅಥವಾ ತಲೆಗೆ ಸುತ್ತಲು ಟವೆಲ್, ಒಂದು ಟಾರ್ಚ್. ಟಾರ್ಚ್ ಯಾಕೆ ಅಂತ ಅಷ್ಟೂರಿನಲ್ಲಿ ತಿಳಿಯುತ್ತದೆ.

ಹುಮನಾಬಾದ್ ದಾರಿ ಹಿಡಿದವರು ಕಮಲಾಪುರದಲ್ಲಿ ನಿಲ್ಲಿಸಿ ಕೆಂಪು ಬಾಳೆಹಣ್ಣು ಕೊಳ್ಳಿ. ಆ ಹಣ್ಣಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ರುಚಿ, ಬಣ್ಣ ಎರಡೂ ಬೇರೆ. ಒಂದು ಹಣ್ಣಿಗೆ ಹೊಟ್ಟೆ ತುಂಬುತ್ತದೆ.

ಬೀದರ್ ದಿಕ್ಕು: ಎರಡೂ ದಿನ ಬೇಕು

ಒಂದೇ ದಿಕ್ಕು ನೋಡಲು ಆಗುವುದು ಅಂದರೆ ನಾನು ಬೀದರನ್ನೇ ಹೇಳುವೆ. ರಸ್ತೆಯಲ್ಲಿ ಸುಮಾರು 115 ಕಿ.ಮೀ. ಬೆಳಿಗ್ಗೆ 6ಕ್ಕೆ ಹೊರಟರೆ ನಾಷ್ಟಾ ಮಾಡಿಕೊಂಡು 9ರ ಹೊತ್ತಿಗೆ ತಲುಪಬಹುದು. ಊರು ಎತ್ತರದಲ್ಲಿದೆ, ಕೆಂಪು ಕಲ್ಲಿನ ನೆಲ. ಕಲಬುರಗಿಗಿಂತ ಗಾಳಿ ತಂಪು.

ಶನಿವಾರ ಬೆಳಿಗ್ಗೆ ಊರೊಳಗೆ ನಡೆಯಿರಿ. ಮೊದಲು ಮಹಮೂದ್ ಗವಾನ್ ಮದರಸಾ. ಇರಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನ್ 1472ರಲ್ಲಿ ಕಟ್ಟಿಸಿದ್ದು. ಮೂರು ಅಂತಸ್ತು, ಓದುವ ಕೋಣೆಗಳು, ದೊಡ್ಡ ಗ್ರಂಥಾಲಯ ಇದ್ದ ಜಾಗ. 17ನೇ ಶತಮಾನದ ಕೊನೆಗೆ ಮದ್ದು ಸಿಡಿದು ಮುಂಭಾಗದ ಅರ್ಧ ಹಾರಿ ಹೋಯಿತು. ಉಳಿದಿರುವ ಒಂದು ಮಿನಾರಿನ ಮೇಲೆ ನೀಲಿ, ಹಳದಿ, ಬಿಳಿ ಹೆಂಚುಗಳ ಚೂರು ಇನ್ನೂ ಹೊಳೆಯುತ್ತವೆ. ಒಂದು ಕಾಲಕ್ಕೆ ಇಡೀ ಗೋಡೆ ಹಾಗಿತ್ತು. ಗವಾನ್‌ನನ್ನು 1481ರಲ್ಲಿ ಸುಳ್ಳು ಆರೋಪದ ಮೇಲೆ ಸುಲ್ತಾನನೇ ಕೊಲ್ಲಿಸಿದ. ಆಮೇಲೆ ರಾಜ್ಯ ಒಡೆದು ಐದು ಭಾಗವಾಯಿತು. ಈ ಕಥೆಯನ್ನು ಮಕ್ಕಳಿಗೆ ಆ ಗೋಡೆಯ ಮುಂದೆ ನಿಂತು ಹೇಳಿ. ಪುಸ್ತಕದಲ್ಲಿ ಓದಿದ್ದಕ್ಕಿಂತ ಜಾಸ್ತಿ ದಿನ ನೆನಪಿರುತ್ತದೆ.

ಅಲ್ಲಿಂದ ಚೌಬಾರಾ ಹತ್ತಿರ. ನಾಲ್ಕು ದಾರಿ ಕೂಡುವ ಕಡೆ ನಿಂತ ದುಂಡನೆಯ ಕಾವಲು ಗೋಪುರ. ಅದರ ಆಸುಪಾಸಿನ ಓಣಿಗಳಲ್ಲಿ ಬಿದರಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸದ ಅಂಗಡಿಗಳಿವೆ. ಬಿಸಿಲು ಏರುವ ಹೊತ್ತಿಗೆ ಇಲ್ಲಿ ಬನ್ನಿ, ನೆರಳಲ್ಲಿ ಕೂತು ನೋಡಬಹುದು.

ಬಿದರಿ ಹೇಗೆ ಆಗುತ್ತದೆ ಎನ್ನುವುದನ್ನು ಕೊಳ್ಳುವ ಮುಂಚೆ ತಿಳಿದುಕೊಳ್ಳಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡುತ್ತಾರೆ. ಉಳಿಯಿಂದ ಹೂ ಬಳ್ಳಿ ಕೊರೆಯುತ್ತಾರೆ. ಕೊರೆದ ಗೀರಿನಲ್ಲಿ ಬೆಳ್ಳಿ ತಂತಿ, ಬೆಳ್ಳಿ ತಗಡು ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ ಬಿಸಿ ಮಾಡಿ ಸಾಮಾನಿಗೆ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆ, ಬಿಸಿಲು ತಾಗದ ಕೋಟೆಯ ಮಣ್ಣೇ ಬೇಕು ಅಂತ ಕೆಲಸಗಾರರು ಹೇಳುತ್ತಾರೆ. ಕೆಲವರು ಚೂರು ನಾಲಿಗೆಗೆ ಇಟ್ಟು ಮಣ್ಣಿನ ಗುಣ ನೋಡುತ್ತಾರೆ. 2006ರಲ್ಲಿ ಇದಕ್ಕೂ ಭೌಗೋಳಿಕ ಗುರುತು ಬಂತು.

ಕೊಳ್ಳುವಾಗ ಅವಸರ ಬೇಡ. ಕೆಲಸ ಮಾಡುವವರ ಪಕ್ಕ ಸ್ವಲ್ಪ ಹೊತ್ತು ಕೂರಿ, "ಭಾಯಿ, ಇದಕ್ಕ ಎಷ್ಟು ದಿನ ಹಿಡೀತದ?" ಅಂತ ಕೇಳಿ. ಉತ್ತರ ಕೇಳಿದ ಮೇಲೆ ಚೌಕಾಸಿ ಮಾಡುವ ಮನಸ್ಸು ಬರುವುದಿಲ್ಲ. ದೊಡ್ಡ ಹೂಜಿ ಕೊಳ್ಳಲು ಆಗದಿದ್ದರೆ ಕಿವಿಯೋಲೆ, ಸಣ್ಣ ಡಬ್ಬಿ ಕೊಳ್ಳಿ. ಮನೆಗೆ ತಂದ ಮೇಲೆ ಹುಣಸೆಹುಳಿ ಹಚ್ಚಿ ತಿಕ್ಕಬೇಡಿ. ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು.

ಮಧ್ಯಾಹ್ನದ ಊಟ ಗುರುನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ, ಅಂದರೆ ಎಲ್ಲರಿಗೂ ಬಡಿಸುವ ದಾಸೋಹದಲ್ಲಿ. ಗುರುನಾನಕರು ಬಂದಾಗ ಇಲ್ಲಿ ಸಿಹಿನೀರಿನ ಬುಗ್ಗೆ ಚಿಮ್ಮಿತು ಅಂತ ನಂಬಿಕೆ. ಆ ನೀರು ಈಗಲೂ ಹರಿಯುತ್ತಿದೆ. ಗುರು ಗೋವಿಂದ ಸಿಂಗರು ಖಾಲ್ಸಾಗೆ ಮೊದಲು ಸೇರಿಸಿಕೊಂಡ ಐವರು, ಅಂದರೆ ಸಿಖ್ಖರ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೇ. ತಲೆಗೆ ಬಟ್ಟೆ ಕಟ್ಟಿ, ಕೈಕಾಲು ತೊಳೆದು ಒಳಗೆ ಹೋಗಿ. ಬಡಿಸಿದ್ದನ್ನು ಬಿಡಬಾರದು. ಊಟದ ನಂತರ ತಟ್ಟೆ ತೊಳೆಯುವ ಸೇವೆಗೆ ಅರ್ಧ ತಾಸು ನಿಂತರೆ ಮಕ್ಕಳಿಗೂ ಒಳ್ಳೆಯದು. ಉಳಿಯಲು ಗುರುದ್ವಾರದಲ್ಲಿ ಕೋಣೆಗಳಿವೆ, ಊರಲ್ಲಿ ಲಾಡ್ಜ್‌ಗಳಿವೆ, ಪ್ರವಾಸೋದ್ಯಮ ನಿಗಮದ ಮಯೂರ ಬರೀದ್‌ಶಾಹಿ ಹೋಟೆಲ್ ಇದೆ. ಕೋಣೆ ಶುಕ್ರವಾರವೇ ಗೊತ್ತುಮಾಡಿ. ಶನಿವಾರ ಹೈದರಾಬಾದಿನವರು ಬಹಳ ಬರುತ್ತಾರೆ.

ಸಂಜೆ 4ಕ್ಕೆ ಅಷ್ಟೂರು. ಊರಿಂದ ನಾಲ್ಕೈದು ಕಿ.ಮೀ. ಬಹಮನಿ ಸುಲ್ತಾನರ ಗೋರಿಗಳು ಒಂದೇ ಸಾಲಿನಲ್ಲಿ ನಿಂತಿವೆ. ಅದರಲ್ಲಿ ಒಂದು ಸಿಡಿಲು ಬಡಿದು ಅರ್ಧ ಸೀಳಿ ನಿಂತಿದೆ, ಗುಮ್ಮಟದ ಗೋಡೆ ಎಷ್ಟು ದಪ್ಪ ಎನ್ನುವುದು ಅಲ್ಲಿ ಕಾಣುತ್ತದೆ. ಬಹಳ ಮುಖ್ಯವಾದದ್ದು ಅಹ್ಮದ್ ಷಾ ವಲಿಯ ಗುಮ್ಮಟ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಇವನೇ. ಒಳಗೆ ಕತ್ತಲೆ. ಟಾರ್ಚ್ ಹಾಕಿ ಮೇಲೆ ನೋಡಿ. ಕೆಂಪು, ನೀಲಿ, ಬಂಗಾರದ ಬಣ್ಣದಲ್ಲಿ ಬರೆದ ಅಕ್ಷರ, ಬಳ್ಳಿ. ಸುಮಾರು ಆರು ನೂರು ವರ್ಷದ ಬಣ್ಣ. ಕೆಲವೊಮ್ಮೆ ಅಲ್ಲಿ ನೋಡಿಕೊಳ್ಳುವವರು ಕನ್ನಡಿ ಹಿಡಿದು ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿ ತೋರಿಸುತ್ತಾರೆ. ಅದಕ್ಕೇ ಹೊತ್ತು ಮುಳುಗುವ ಮುಂಚೆ ಹೋಗಬೇಕು. ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ, ಗೋಡೆ ಮುಟ್ಟಬೇಡಿ.

ಈ ಗುಮ್ಮಟದ ಜೊತೆ ನಮ್ಮ ಕಲಬುರಗಿ ಜಿಲ್ಲೆಗೆ ಒಂದು ನಂಟಿದೆ. ಅಹ್ಮದ್ ಷಾನನ್ನು ಮುಸ್ಲಿಮರು ವಲಿ, ಅಂದರೆ ಸಂತ ಎನ್ನುತ್ತಾರೆ, ಲಿಂಗಾಯತ ಭಕ್ತರು ಅಲ್ಲಮಪ್ರಭು ಎಂದೇ ನಡೆದುಕೊಳ್ಳುತ್ತಾರೆ. ಹೋಳಿ ಮುಗಿದ ಮೇಲೆ ಬರುವ ಉರುಸಿಗೆ ಆಳಂದ ತಾಲೂಕಿನ ಮಾಡ್ಯಾಳದಿಂದ ಜಂಗಮರು ನಡೆದು ಬರುತ್ತಾರೆ. ಅವರು ಬಂದ ಮೇಲೇ ಉರುಸು. ತಲೆಮಾರುಗಳಿಂದ ನಡೆದು ಬಂದ ಪದ್ಧತಿ ಇದು. ಮಾರ್ಚ್ ತಿಂಗಳಲ್ಲಿ ಹೋಗುವವರು ದಿನ ಕೇಳಿಕೊಂಡು ಹೋಗಿ.

ಭಾನುವಾರ ಬೆಳಿಗ್ಗೆ ಕೋಟೆ, ಅದೂ ಬೇಗ. ಎರಡು ಮೂರು ತಾಸು ಬೇಕು. ಬಾಗಿಲಿಗೆ ಹೋಗುವ ಮುಂಚೆ ಕಂದಕ ನೋಡಿ. ಕೆಂಪು ಬಂಡೆಯನ್ನೇ ಕಡಿದು ಮೂರು ಸಾಲು ಮಾಡಿದ್ದಾರೆ. ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಬಿಟ್ಟಿದ್ದಾರೆ. ಷರ್ಜಾ ದರ್ವಾಜಾ, ಗುಂಬದ್ ದರ್ವಾಜಾ ದಾಟಿದರೆ ಎಡಬಲ ಅರಮನೆಗಳು. ರಂಗೀನ್ ಮಹಲ್‌ಗೆ ಬೀಗ ಹಾಕಿರುವುದುಂಟು. ಸುಮ್ನೆ ವಾಪಸ್ ಬರಬೇಡಿ. ಕೋಟೆಯೊಳಗೇ ಇರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ ಕೇಳಿ. ತೆಗೆದು ತೋರಿಸಿದರೆ ನಿಮ್ಮ ಪುಣ್ಯ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ, ಕೆತ್ತಿದ ಮರದ ಕಂಬಗಳು, ಬಣ್ಣದ ಹೆಂಚುಗಳು ಎಲ್ಲಾ ಆ ಸಣ್ಣ ಮಹಲಿನಲ್ಲಿ. ಕಲ್ಲಿನಲ್ಲಿ ಚಿಪ್ಪು ಕೂರಿಸುವ ಕೈ, ಲೋಹದಲ್ಲಿ ಬೆಳ್ಳಿ ಕೂರಿಸುವ ಕೈ, ಎರಡೂ ಈ ಊರಿನಲ್ಲೇ ಬೆಳೆದದ್ದು. ಮುಂಚಿನ ದಿನ ಬಿದರಿ ನೋಡಿ ಬಂದಿದ್ದರೆ ಇದು ನಿಮಗೇ ಹೊಳೆಯುತ್ತದೆ. ಸೋಲಹ್ ಖಂಬ ಮಸೀದಿ, ತಖ್ತ್ ಮಹಲ್ ಕೂಡ ಬಿಡಬೇಡಿ.

ಆಮೇಲೆ ಝರಣಿ ನರಸಿಂಹ. ಗುಹೆಯೊಳಗೆ ಎದೆಯ ತನಕ ನೀರು, ಅದರಲ್ಲೇ ನಡೆದು ದೇವರ ಹತ್ತಿರ ಹೋಗಬೇಕು. ಮೇಲೆ ಬಾವಲಿಗಳು ತೂಗಾಡುತ್ತಿರುತ್ತವೆ, ಹೆದರಬೇಡಿ. ಸಣ್ಣ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ. ಉಸಿರಾಟದ ತೊಂದರೆ, ಹೃದಯದ ತೊಂದರೆ ಇದ್ದವರು, ಬಸುರಿಯರು ಹೊರಗೇ ಕೈಮುಗಿಯುವುದು ಒಳ್ಳೆಯದು. ಭಾನುವಾರ ಸಾಲು ಉದ್ದ ಇರುತ್ತದೆ, ಒಳಗೆ ಜನ ಜಾಸ್ತಿಯಾದರೆ ಗಾಳಿ ಸಾಲದು. ನೀರಿನ ಮಟ್ಟ ನೋಡಿ ಪ್ರವೇಶ ನಿಲ್ಲಿಸುವುದೂ ಉಂಟು. ಮೊಬೈಲ್ ಹೊರಗಿಡಿ, ಬದಲಿ ಬಟ್ಟೆ ತರಲು ಮರೆಯಬೇಡಿ.

ಗಾಡಿ ಇದ್ದವರು ವಾಪಸ್ ಬರುವಾಗ ಹುಮನಾಬಾದ್ ತಾಲೂಕಿನ ಜಲಸಂಗ್ವಿಯಲ್ಲಿ ಒಂದು ತಾಸು ನಿಲ್ಲಿ. ಚಾಲುಕ್ಯರ ಕಾಲದ ಈಶ್ವರ ಗುಡಿ. ಹೊರಗೋಡೆಯ ತುಂಬಾ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಳು ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಸಾಲು. ಸುತ್ತು ಹಾಕುತ್ತಾ ಅವಳನ್ನು ನೀವೇ ಹುಡುಕಿ.

ಬಸವಕಲ್ಯಾಣ: ಬೇರೆ ವಾರಕ್ಕೆ

ಇದನ್ನು ಬೀದರ್ ಜೊತೆ ಸೇರಿಸುವವರು ಜಾಸ್ತಿ. ನಾನಾದರೆ ಬೇರೆ ಇಡುತ್ತೇನೆ. ಕಲಬುರಗಿಯಿಂದ ಸುಮಾರು 80 ಕಿ.ಮೀ., ಒಂದೇ ದಿನದಲ್ಲಿ ಹೋಗಿ ಬರಬಹುದು. ಅನುಭವ ಮಂಟಪ, 2012ರಲ್ಲಿ ಉದ್ಘಾಟನೆಯಾದ 108 ಅಡಿಯ ಬಸವಣ್ಣನ ಪ್ರತಿಮೆ ಎಲ್ಲರೂ ನೋಡುತ್ತಾರೆ. ಶರಣರ ಗವಿಗಳಿಗೂ ಹೋಗಿ. ಅಕ್ಕನಾಗಮ್ಮನ ಗವಿ, ನೂಲಿ ಚಂದಯ್ಯನ ಗವಿ ಹತ್ತಿರ ಜನ ಕಡಿಮೆ. ನಾಲ್ಕು ವಚನ ಬಾಯಿಗೆ ಬರುವವರು ಒಬ್ಬರಿದ್ದರೆ ಅಲ್ಲಿ ಕೂತು ಹೇಳಿಸಿ. ಕೋಟೆ ಊರೊಳಗೇ ಇದೆ. ನಾರಾಯಣಪುರದ ಶಿವಾಲಯ ಪಕ್ಕದಲ್ಲೇ, ಅರ್ಧ ತಾಸು ಸಾಕು. ಬರುವಾಗ ಹುಮನಾಬಾದಿನ ಹತ್ತಿರ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ದರ್ಶನ ಮಾಡಿಕೊಂಡು ಬನ್ನಿ.

ಸೇಡಂ ದಿಕ್ಕು: ಮಲಖೇಡ, ಮುಂದೆ ಚಿಂಚೋಳಿ

ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಹೋದರೆ ಮಲಖೇಡ. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗ ಇಲ್ಲಿಂದಲೇ ಆಳಿದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ ಕವಿರಾಜಮಾರ್ಗ ಅವನ ಆಸ್ಥಾನದ್ದು. ಕನ್ನಡ ಓದುವ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆ ಇಲ್ಲಿ ನಿಲ್ಲಬೇಕು ಅಂತ ನನ್ನ ಆಸೆ. ದೊಡ್ಡ ಅರಮನೆ ಕಾಣುವ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಈಗಿರುವುದು ಶಹಾಬಾದ್ ಕಲ್ಲಿನ ಕೋಟೆ, ಜೈನ ಬಸದಿ, ಹೊಳೆಯ ದಂಡೆಯಲ್ಲಿ ಮಾಧ್ವ ಯತಿ ಜಯತೀರ್ಥರ ವೃಂದಾವನ. ಮಳೆಗಾಲದಲ್ಲಿ ಕೋಟೆಯ ಗೋಡೆ ಹತ್ತಬೇಡಿ, ಕಲ್ಲು ಸಡಿಲ ಇರುತ್ತವೆ. ವೃಂದಾವನಕ್ಕೆ ಹೋಗುವವರು ಮಧ್ಯಾಹ್ನದ ಪೂಜೆಯ ವೇಳೆ ಕೇಳಿಕೊಂಡು ಹೋಗಿ.

ಎರಡನೇ ದಿನ ಇದ್ದರೆ ಚಿಂಚೋಳಿ. 2011ರಲ್ಲಿ ಇದನ್ನು ವನ್ಯಜೀವಿಧಾಮ ಮಾಡಿದರು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನಮ್ಮ ಜಿಲ್ಲೆಯಲ್ಲೇ ಇಂಥ ಕಾಡಿದೆಯಾ ಅನಿಸುತ್ತದೆ. ಚಂದ್ರಂಪಳ್ಳಿ ಜಲಾಶಯ, ಮಳೆಗಾಲದಲ್ಲಿ ಎತ್ತಿಪೋತ ಜಲಪಾತ, ದಾರಿಯುದ್ದಕ್ಕೂ ಲಂಬಾಣಿ ತಾಂಡಾಗಳು. ಉಳಿಯಬೇಕು ಅಂದರೆ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಜಲಾಶಯದಲ್ಲಿ ಈಜಲು ಇಳಿಯಬೇಡಿ. ಪ್ಲಾಸ್ಟಿಕ್ ತಂದಷ್ಟೂ ವಾಪಸ್ ತನ್ನಿ.

ಭೀಮಾ ದಿಕ್ಕು: ಸನ್ನತಿ, ಯಾದಗಿರಿ, ಸುರಪುರ

ಸನ್ನತಿಗೆ ಶಹಾಬಾದ್, ವಾಡಿ, ನಾಲವಾರ ಮೇಲೆ ಹೋಗಬೇಕು. ಊರು ಚಿಕ್ಕದು. ಇಲ್ಲಿನ ಚಂದ್ರಲಾಂಬಾ ದೇವಿ ಕರ್ನಾಟಕ, ಮಹಾರಾಷ್ಟ್ರದ ಎಷ್ಟೋ ಮನೆಗಳ ಕುಲದೇವತೆ. 1986ರಲ್ಲಿ ಗುಡಿಯ ಆವರಣದ ಕಾಳಿ ಗುಡಿಯ ಮಾಡು ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಕೆಳಗಿನ ಪೀಠದ ಕಲ್ಲು ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಎಷ್ಟು ನೂರು ವರ್ಷ ಪೂಜೆಯ ನೀರು ಅದರ ಮೇಲೆ ಹರಿದಿತ್ತೋ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕನಗನಹಳ್ಳಿ. 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಹೊರಬಂತು. ಕೆತ್ತನೆಯ ಒಂದು ಕಲ್ಲಿನ ಮೇಲೆ ರಾಜ, ರಾಣಿ, ಚಾಮರ ಬೀಸುವವರು. ಕೆಳಗೆ 'ರಾಯೋ ಅಸೋಕೋ' ಅಂತ ಬರೆದಿದೆ. ಹೆಸರಿನ ಜೊತೆ ಅಶೋಕನ ರೂಪ ಸಿಕ್ಕದ್ದು ನಮ್ಮ ಭೀಮಾ ದಂಡೆಯಲ್ಲಿ. ಇಷ್ಟು ದೊಡ್ಡ ವಿಷಯ ನಮ್ಮ ಮಕ್ಕಳಿಗೆ ಗೊತ್ತಿರಬೇಕು, ಅಲ್ವಾ? ಬೆಳಿಗ್ಗೆ 9ರ ಒಳಗೆ ತಲುಪಿ, ಅಲ್ಲಿ ನೆರಳು ಕಡಿಮೆ. ಕಲ್ಲುಗಳ ಮೇಲೆ ಕೂರಬೇಡಿ, ನಿಲ್ಲಬೇಡಿ. ಕಾವಲಿನವರಿದ್ದರೆ, "ಅಣ್ಣಾರ, ಅಶೋಕನ ಕಲ್ಲು ಎಲ್ಲಿ ಅದ?" ಅಂತ ಕೇಳಿ. ಅದನ್ನು ಜನರಿಗೆ ತೋರಿಸಲು ಹೊರಗೆ ಇಟ್ಟಿದ್ದಾರೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಮಧ್ಯಾಹ್ನ ಯಾದಗಿರಿ ಸೇರಿ ಉಳಿದುಕೊಳ್ಳಿ. ಮರುದಿನ ಬೆಳಿಗ್ಗೆ 6ಕ್ಕೆ ಕೋಟೆ ಹತ್ತಿ. ಬೆಟ್ಟ ಊರಿನ ಬೆನ್ನಿಗೇ ಇದೆ. ಬಂಡೆಗಳ ನಡುವೆ ಮೆಟ್ಟಿಲು, ಒಂದರ ಮೇಲೊಂದು ಬಾಗಿಲು, ಮೇಲೆ ನೀರಿನ ಹೊಂಡಗಳು, ತೋಪುಗಳು. 8ಕ್ಕೆ ಇಳಿದುಬಿಡಿ. ಬಂಡೆ ಕಾದರೆ ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟ.

ಅಲ್ಲಿಂದ ಶಹಾಪುರ. ರಸ್ತೆಯಿಂದಲೇ ಬೆಟ್ಟದ ಸಾಲು ನೋಡಿ. ತಲೆ, ಎದೆ, ಕಾಲು ಚಾಚಿ ಬುದ್ಧ ಮಲಗಿದಂತೆ ಕಾಣುತ್ತದೆ. ಹತ್ತಿರ ಹೋದರೆ ಆ ರೂಪ ಒಡೆಯುತ್ತದೆ, ದೂರದಿಂದಲೇ ನೋಡಬೇಕು. ಪಕ್ಕದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ಸಾಲಾಗಿ ಇಟ್ಟ ಗುಂಡುಗಳಿವೆ. ಸುರಪುರದಲ್ಲಿ ವೇಣುಗೋಪಾಲಸ್ವಾಮಿ ಗುಡಿ, ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ಬೇಡ ನಾಯಕರ ಈ ಸಂಸ್ಥಾನದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದವನು. ಚಿಕ್ಕ ವಯಸ್ಸಿನಲ್ಲಿ ಅವನನ್ನು ಓದಿಸಿ ಬೆಳೆಸಿದ್ದು ಇದೇ ಟೇಲರ್. ಬಂಗಲೆಯ ಮುಂದೆ ನಿಂತು ಕೆಳಗಿನ ಊರು ನೋಡುವಾಗ ಇದು ನೆನಪಿರಲಿ. ಚಳಿಗಾಲದಲ್ಲಿ ಹೊತ್ತು ಉಳಿದರೆ ಬೋನಾಳ ಕೆರೆಗೆ ಹೋಗಿ, ದೂರದ ಹಕ್ಕಿಗಳು ಬಂದಿರುತ್ತವೆ.

ಗಾಣಗಾಪುರ: ಒಂದೇ ದಿನ

ಅಫಜಲಪುರ ತಾಲೂಕಿನ ದತ್ತಾತ್ರೇಯ ಕ್ಷೇತ್ರ ದೇವಲ ಗಾಣಗಾಪುರ ಸುಮಾರು 40 ಕಿ.ಮೀ. ರೈಲಿನಲ್ಲಿ ಹೋಗುವವರಿಗೆ ಒಂದು ಮಾತು: ಗಾಣಗಾಪುರ ರೋಡ್ ನಿಲ್ದಾಣದಿಂದ ದೇವಸ್ಥಾನ ಇನ್ನೂ ಸುಮಾರು 20 ಕಿ.ಮೀ. ದೂರ. ಕಲಬುರಗಿಯಿಂದ ನೇರ ಬಸ್ಸೇ ಸಲೀಸು. ಮೊದಲು ಭೀಮಾ–ಅಮರ್ಜಾ ಸಂಗಮ, ಅಲ್ಲಿನ ಔದುಂಬರ (ಅತ್ತಿ ಮರ), ಆಮೇಲೆ ಮಠದಲ್ಲಿ ನಿರ್ಗುಣ ಪಾದುಕೆ. ಮಧ್ಯಾಹ್ನ ಮಧುಕರಿಯ, ಅಂದರೆ ಭಕ್ತರು ಮನೆ ಮನೆಗೆ ಹೋಗಿ ಭಿಕ್ಷೆ ಬೇಡುವ ಹೊತ್ತು. ಹುಣ್ಣಿಮೆ, ದತ್ತ ಜಯಂತಿಗೆ ಮಹಾರಾಷ್ಟ್ರದಿಂದ ಜನ ತುಂಬಿ ಬರುತ್ತಾರೆ. ಶಾಂತವಾಗಿ ಕೂರಬೇಕು ಅಂದರೆ ಆ ದಿನಗಳನ್ನು ಬಿಡಿ. ಸಂಗಮದಲ್ಲಿ ದಂಡೆಯ ಹತ್ತಿರವೇ ಸ್ನಾನ ಮಾಡಿ, ಹೊಳೆಯ ತಳ ಸಮ ಇಲ್ಲ. ಮಕ್ಕಳ ಕೈ ಬಿಡಬೇಡಿ.

ಕೊನೆಯ ಹೆಜ್ಜೆ: ಭಾನುವಾರದ ವಾಪಸಾತಿ

ಹಳ್ಳಿಯ ಕಡೆಯಿಂದ ಬರುವ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಇಳಿದ ತಕ್ಷಣ ಕಂಡಕ್ಟರನ್ನೇ ಕೇಳಿ, ಅದಕ್ಕಿಂತ ಮುಂಚಿನ ಬಸ್ಸಿಗೆ ಹೊರಡಿ. ಗಾಡಿಯವರು ಕತ್ತಲಾಗುವ ಮುಂಚೆ ದೊಡ್ಡ ರಸ್ತೆ ಸೇರಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುತ್ತದೆ, ಟ್ರ್ಯಾಕ್ಟರ್‌ಗಳು ದೀಪವಿಲ್ಲದೆ ನಿಂತಿರುತ್ತವೆ. ಕಬ್ಬು ಸಾಗಿಸುವ ದಿನಗಳಲ್ಲಿ ಆಳಂದ, ಅಫಜಲಪುರ ದಾರಿಯಲ್ಲೂ ಇದೇ ಕಥೆ. ಸಂಜೆ 5ಕ್ಕೆ ಹೊರಟರೆ 8ರ ಒಳಗೆ ಮನೆ ಸೇರಿ ಬಿಸಿ ಊಟ ಮಾಡಬಹುದು.